ನಿಕಲ್ ದ್ರಾವಣದಿಂದ ಕಬ್ಬಿಣ ಮತ್ತು ಕೋಬಾಲ್ಟ್ ಕ್ಲೋರೈಡ್‌ಗಳ ಬೇರ್ಪಡಿಕೆ: ಸಾಂದೂವಿಲ್ ಸಂಸ್ಕರಣಾಗಾರದ ಪ್ರಕರಣ ಅಧ್ಯಯನ

ಫ್ರಾನ್ಸಿನ ನಾರ್ಮಂಡಿ ಪ್ರಾಂತದಲ್ಲಿ, ಸೇನ್ ನದಿ ಕಡಲು ಸೇರುವಲ್ಲಿ, ಲ ಹಾವ್ರ್ ಬಂದರಿನ ಮಗ್ಗುಲಿಗೆ ಸಾಂದೂವಿಲ್ ಎಂಬ ಊರಿದೆ. ಅಲ್ಲಿ 1978ರಲ್ಲಿ ಆರಂಭವಾದ ನಿಕಲ್ ಸಂಸ್ಕರಣಾಗಾರವು, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಡೊನಿಯಾಂಬೊ ಕುಲುಮೆಗಳಿಂದ ಹಡಗಿನಲ್ಲಿ ಬರುತ್ತಿದ್ದ ಮ್ಯಾಟ್ ಅನ್ನು ದಶಕಗಳ ಕಾಲ ಶುದ್ಧ ಲೋಹವಾಗಿ ಪರಿವರ್ತಿಸಿತು. ಕುಲುಮೆಯಲ್ಲಿ ಕರಗಿ ಹೆಪ್ಪುಗಟ್ಟಿದ ಲೋಹದ ಸಲ್ಫೈಡನ್ನು ಮ್ಯಾಟ್ ಎನ್ನುತ್ತಾರೆ. ಇಲ್ಲಿನ ಮ್ಯಾಟ್‌ನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನಿಕಲ್. ಉಳಿದದ್ದರಲ್ಲಿ ಬಹುಪಾಲು ಗಂಧಕ. ಅವುಗಳ ಜೊತೆಗೆ ಒಂದಿಷ್ಟು ಕಬ್ಬಿಣ, ಅದಕ್ಕಿಂತ ಕಡಿಮೆ ಕೋಬಾಲ್ಟ್. ಈ ಕೊನೆಯ ಎರಡು ಲೋಹಗಳನ್ನು ನಿಕಲ್ ಕ್ಲೋರೈಡ್ ದ್ರಾವಣದಿಂದ ಹೊರತೆಗೆದ ಬಗೆಯೇ ಈ ಅಧ್ಯಯನದ ವಿಷಯ.

ಅವುಗಳನ್ನು ತೆಗೆಯದೆ ಬಿಟ್ಟರೆ ಆಗುವ ತೊಂದರೆ ಸ್ಪಷ್ಟವಾದದ್ದು. ಇಲ್ಲಿ ನಿಕಲ್ ಲೋಹ ದೊರೆಯುತ್ತಿದ್ದದ್ದು ವಿದ್ಯುದ್ವಿಭಜನೆಯಿಂದ: ಕ್ಯಾಥೋಡಿನ ಮೇಲೆ ಲೋಹ ಕೂರುತ್ತದೆ, ಆನೋಡಿನಲ್ಲಿ ಕ್ಲೋರಿನ್ ಅನಿಲ ಬಿಡುಗಡೆಯಾಗುತ್ತದೆ. ನಿಕಲ್‌ನ ಪ್ರಮಾಣಿತ ಅಪಕರ್ಷಣ ವಿಭವ (ಅಯಾನು ಎಷ್ಟು ಸುಲಭವಾಗಿ ಎಲೆಕ್ಟ್ರಾನುಗಳನ್ನು ಪಡೆದು ಲೋಹವಾಗುತ್ತದೆ ಎಂಬುದರ ಅಳತೆ) ಸುಮಾರು ಋಣ 0.26 ವೋಲ್ಟ್, ಕೋಬಾಲ್ಟಿನದು ಋಣ 0.28 ವೋಲ್ಟ್, ಈ ಅಂತರ ಎಷ್ಟು ಕಿರಿದೆಂದರೆ ದ್ರಾವಣದಲ್ಲಿ ಉಳಿದ ಕೋಬಾಲ್ಟ್ ನಿಕಲ್‌ನ ಜೊತೆಯಲ್ಲೇ ಕ್ಯಾಥೋಡನ್ನು ಸೇರುತ್ತದೆ. ಕಬ್ಬಿಣದ ವಿಭವ ಋಣ 0.44 ವೋಲ್ಟ್ ಆಗಿದ್ದರೂ, ನಿಕಲ್ ಕೂರುವಾಗ ಅದು ಲೆಕ್ಕಕ್ಕೆ ಮೀರಿದ ಪ್ರಮಾಣದಲ್ಲಿ ಜೊತೆಗೂಡುವುದು ಲೋಹಲೇಪನದ ಕೆಲಸ ಬಲ್ಲವರಿಗೆ ಹೊಸ ಸಂಗತಿಯಲ್ಲ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಬಳಕೆಯಲ್ಲಿರುವ, ಅಮೆರಿಕದ ಮಾನಕ ಸಂಸ್ಥೆಯ ಎಎಸ್‌ಟಿಎಂ ಬಿ39 ಮಾನಕವು ಶೇಕಡಾ 99.80ರಷ್ಟು ನಿಕಲ್ ಇರಬೇಕೆಂದೂ ಕಬ್ಬಿಣ 0.02ನ್ನು, ಕೋಬಾಲ್ಟ್ 0.15ನ್ನು ಮೀರಬಾರದೆಂದೂ ಹೇಳುತ್ತದೆ. ಕ್ಯಾಥೋಡಿನ ಮೇಲೆ ಕೂತ ಮೇಲೆ ಇವುಗಳನ್ನು ಬಿಡಿಸುವ ದಾರಿಯಿಲ್ಲದ ಕಾರಣ ದ್ರಾವಣವು ಕೋಶಗಳನ್ನು ಸೇರುವ ಮೊದಲೇ ಶುದ್ಧವಾಗಿರಬೇಕು.

ಕ್ಲೋರಿನ್‌ನ ಸುತ್ತು

ಪುಡಿ ಮಾಡಿದ ಮ್ಯಾಟ್ ಅನ್ನು ಫೆರಿಕ್ ಕ್ಲೋರೈಡ್ ಇರುವ ದ್ರಾವಣದಲ್ಲಿ ಕಲಕುತ್ತಾ ಕ್ಲೋರಿನ್ ಅನಿಲವನ್ನು ಹಾಯಿಸಲಾಗುತ್ತದೆ. ಫೆರಿಕ್ ಕಬ್ಬಿಣವು (ಮೂರು ಧನ ವಿದ್ಯುದಂಶದ್ದು) ಸಲ್ಫೈಡಿನಿಂದ ಎಲೆಕ್ಟ್ರಾನುಗಳನ್ನು ಪಡೆದು ಫೆರಸ್ (ಎರಡು ಧನ ವಿದ್ಯುದಂಶದ್ದು) ಆಗುತ್ತದೆ, ನಿಕಲ್ ಕರಗುತ್ತದೆ, ಗಂಧಕವು ಸಲ್ಫೇಟಾಗಿ ಆಮ್ಲಕ್ಕೆ ತಿರುಗದೆ ಬಹುಮಟ್ಟಿಗೆ ಮೂಲವಸ್ತುವಾಗಿಯೇ ಗಟ್ಟಿರೂಪದಲ್ಲಿ ಹಿಂದುಳಿಯುತ್ತದೆ. ಕ್ಲೋರಿನ್ ಆ ಫೆರಸ್ ಕಬ್ಬಿಣವನ್ನು ಮತ್ತೆ ಫೆರಿಕ್ ಮಾಡುತ್ತದೆ. ವಿದ್ಯುದ್ವಿಭಜನೆಯಲ್ಲಿ ಹೊರಬಂದ ಕ್ಲೋರಿನ್ ಇದೇ ಕೆಲಸಕ್ಕೆ ಮರಳುವುದರಿಂದ ನಿಕಲ್‌ನ ಮಟ್ಟಿಗೆ ಈ ಸುತ್ತು ಮುಚ್ಚಿದ ಸುತ್ತು: ಕರಗಿಸಲು ಬಳಸಿದಷ್ಟೇ ಕ್ಲೋರಿನ್ ಕೊನೆಯಲ್ಲಿ ಹಿಂದಕ್ಕೆ ಸಿಗುತ್ತದೆ.

ಕಲ್ಮಶಗಳ ಮಟ್ಟಿಗೆ ಹಾಗಲ್ಲ. ಒಂದು ಟನ್ ಕಬ್ಬಿಣ ಫೆರಿಕ್ ಕ್ಲೋರೈಡಾಗಿ ಹೊರಹೋದರೆ ತನ್ನೊಡನೆ ಸುಮಾರು 1.9 ಟನ್ ಕ್ಲೋರಿನ್ ಒಯ್ಯುತ್ತದೆ. ಒಂದು ಟನ್ ಕೋಬಾಲ್ಟ್ ಸುಮಾರು 1.2 ಟನ್ ಒಯ್ಯುತ್ತದೆ. ಅಷ್ಟನ್ನು ಹೊರಗಿನಿಂದ ತಂದು ತುಂಬಬೇಕು. ಆದ್ದರಿಂದ ಈ ಕ್ಲೋರೈಡ್‌ಗಳನ್ನು ಕೆಸರಾಗಿ ಎಸೆಯುವುದು ಸಂಸ್ಕರಣಾಗಾರಕ್ಕೆ ಎರಡು ಬಾರಿ ನಷ್ಟ. ಸಾಂದೂವಿಲ್‌ನಲ್ಲಿ ಎರಡನ್ನೂ ಮಾರಾಟದ ಸರಕಾಗಿ ಹೊರತೆಗೆಯಲಾಯಿತು: ಫೆರಿಕ್ ಕ್ಲೋರೈಡ್ ನೀರು ಶುದ್ಧೀಕರಿಸುವವರಿಗೆ, ಕೋಬಾಲ್ಟ್ ಕ್ಲೋರೈಡ್ ಕೋಬಾಲ್ಟ್ ಬಳಸುವ ಉದ್ಯಮಗಳಿಗೆ.

ಹಳೆಯ ದಾರಿಯೂ ಇತ್ತೆನ್ನಿ. ದ್ರಾವಣಕ್ಕೆ ಕ್ಷಾರ ಬೆರೆಸಿ ಪಿಎಚ್ ಏರಿಸಿದರೆ ಫೆರಿಕ್ ಕಬ್ಬಿಣ ಹೈಡ್ರಾಕ್ಸೈಡಾಗಿ ಒತ್ತರಿಸುತ್ತದೆ, ಅಂದರೆ ಗಟ್ಟಿಯಾಗಿ ದ್ರಾವಣದಿಂದ ಬೇರ್ಪಡುತ್ತದೆ. ಕ್ಲೋರಿನ್ ಮತ್ತು ನಿಕಲ್ ಕಾರ್ಬೊನೇಟ್ ಸೇರಿಸಿದರೆ ಕೋಬಾಲ್ಟ್ ಕೂಡ ಒತ್ತರಿಸುತ್ತದೆ. ಆದರೆ ಕಬ್ಬಿಣದ ಹೈಡ್ರಾಕ್ಸೈಡ್ ಸೋಸಲು ಬಹಳ ಕಷ್ಟದ ಲೋಳೆ. ತೊಳೆದಷ್ಟೂ ಅದರೊಳಗೆ ನಿಕಲ್ ಉಳಿಯುತ್ತದೆ. ಕೋಬಾಲ್ಟಿನ ಒತ್ತರವಂತೂ ನಿಕಲ್‌ನಿಂದ ತುಂಬಿರುವುದರಿಂದ ಅದನ್ನು ಮತ್ತೆ ಕರಗಿಸಿ ಮತ್ತೆ ಬೇರ್ಪಡಿಸಬೇಕು. ಕ್ಷಾರವಾಗಿ ಸೋಡಾ ಬಳಸಿದರೆ ಮುಚ್ಚಿದ ಸುತ್ತಿನಲ್ಲಿ ಸೋಡಿಯಂ ದಿನದಿಂದ ದಿನಕ್ಕೆ ಜಮೆಯಾಗುತ್ತದೆ. ಗಟ್ಟಿವಸ್ತುವೇ ಹುಟ್ಟದಂತೆ, ದ್ರವದಿಂದ ದ್ರವಕ್ಕೆ ಕಲ್ಮಶವನ್ನು ದಾಟಿಸುವ ದ್ರಾವಕ ನಿಷ್ಕರ್ಷಣೆಯ ಆಕರ್ಷಣೆ ಇರುವುದು ಇಲ್ಲಿ. ದಾವಣಗೆರೆ, ಚಳ್ಳಕೆರೆಗಳ ಕಡೆ ಹೆಕ್ಸೇನ್ ಹಾಯಿಸಿ ಹಿಂಡಿಯಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಗಳನ್ನು ಕಂಡವರು ಗಮನಿಸಬೇಕಾದ ವ್ಯತ್ಯಾಸವೆಂದರೆ, ಅಲ್ಲಿ ವಸ್ತು ಹೊರಬರುವುದು ಘನದೊಳಗಿನಿಂದ. ಇಲ್ಲಿ ನೀರು ಮತ್ತು ನೀರಿನೊಡನೆ ಬೆರೆಯದ ಸಾವಯವ ದ್ರವ ಎಂಬ ಎರಡು ಪದರಗಳ ನಡುವೆ ಲೋಹವೇ ಹಂಚಿಕೆಯಾಗುತ್ತದೆ.

ಆಯ್ಕೆ ನಡೆಯುವುದು ನೀರಿನಲ್ಲಿ

ದ್ರಾವಕ ನಿಷ್ಕರ್ಷಣೆಯ ಚರ್ಚೆಗಳಲ್ಲಿ ಮೊದಲು ಕೇಳಿಬರುವುದು ‘ಯಾವ ದ್ರಾವಕ?’ ಎಂಬ ಪ್ರಶ್ನೆ. ಕ್ಲೋರೈಡ್ ದ್ರಾವಣಗಳ ವಿಷಯದಲ್ಲಿ ಆ ಪ್ರಶ್ನೆಯನ್ನು ಎರಡನೆಯದಾಗಿ ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲು ಕೇಳಬೇಕಾದದ್ದು, ನೀರಿನ ಪದರದಲ್ಲಿ ಪ್ರತಿಯೊಂದು ಲೋಹವೂ ಯಾವ ರೂಪದಲ್ಲಿದೆ ಎಂದು. ನೀರಿನ ಅಣುಗಳಿಂದ ಸುತ್ತುವರಿದ, ಧನ ವಿದ್ಯುದಂಶದ ಲೋಹದ ಅಯಾನು ಇಂಥ ಸಾವಯವ ಪದರಕ್ಕೆ ದಾಟುವುದಿಲ್ಲ. ಕ್ಲೋರೈಡ್ ಅಯಾನುಗಳು ಆ ನೀರಿನ ಅಣುಗಳನ್ನು ಸರಿಸಿ ತಾವು ಕೂತು, ಲೋಹವನ್ನು ತಟಸ್ಥ ಅಣುವಾಗಿಯೋ ಋಣ ವಿದ್ಯುದಂಶದ ಸಂಕೀರ್ಣವಾಗಿಯೋ ಮಾಡಿದಾಗ ಮಾತ್ರ ಅದು ದಾಟಬಲ್ಲದು.

ಯಾವ ಲೋಹ ಎಷ್ಟು ಕ್ಲೋರೈಡಿಗೆ ಹೀಗೆ ಬದಲಾಗುತ್ತದೆ ಎಂಬುದನ್ನು ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಕ್ರಾಸ್ ಮತ್ತು ಮೂರ್ 1953ರಲ್ಲಿ ಬಹು ಸುಂದರವಾಗಿ ತೋರಿಸಿಕೊಟ್ಟರು. ಅವರು ಬಳಸಿದ್ದು ದ್ರವವನ್ನಲ್ಲ, ಋಣ ಅಯಾನುಗಳನ್ನು ಹಿಡಿಯುವ ರಾಳವನ್ನು. 12 ಮೋಲಾರ್ (ಲೀಟರಿಗೆ 12 ಮೋಲ್) ಸಾಂದ್ರತೆಯ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಲೋಹಗಳ ಮಿಶ್ರಣವನ್ನು ರಾಳದ ಕಂಬಕ್ಕೆ ಸುರಿದಾಗ ನಿಕಲ್ ಎಲ್ಲಿಯೂ ನಿಲ್ಲದೆ ಹೊರಹರಿಯಿತು. ಆಮ್ಲವನ್ನು ತೆಳುಗೊಳಿಸುತ್ತಾ ಹೋದಂತೆ 6 ಮೋಲಾರ್‌ನಲ್ಲಿ ಮ್ಯಾಂಗನೀಸ್, 4ರಲ್ಲಿ ಕೋಬಾಲ್ಟ್, 2.5ರಲ್ಲಿ ತಾಮ್ರ, 0.5ರಲ್ಲಿ ಫೆರಿಕ್ ಕಬ್ಬಿಣ, ಬಹುತೇಕ ಬರಿಯ ನೀರೇ ಎನ್ನಬಹುದಾದ 0.005 ಮೋಲಾರ್‌ನಲ್ಲಿ ಸತು, ಹೀಗೆ ಒಂದೊಂದಾಗಿ ಇಳಿದುಬಂದವು. ಆವರ್ತ ಕೋಷ್ಟಕದಲ್ಲಿ ಅಕ್ಕಪಕ್ಕ ಕೂತಿರುವ, ರಾಸಾಯನಿಕವಾಗಿ ಅವಳಿಗಳೆನ್ನಬಹುದಾದ ಕೋಬಾಲ್ಟ್ ಮತ್ತು ನಿಕಲ್ ಕ್ಲೋರೈಡಿನ ಮುಂದೆ ಇಷ್ಟು ಬೇರೆಯಾಗಿ ನಡೆದುಕೊಳ್ಳುತ್ತವೆ: ನಾಲ್ಕು ಕ್ಲೋರೈಡ್‌ಗಳ ಋಣ ಸಂಕೀರ್ಣವನ್ನು ಕೋಬಾಲ್ಟ್ ಸುಲಭವಾಗಿ ಕಟ್ಟಿಕೊಳ್ಳುತ್ತದೆ, ನಿಕಲ್ ನೀರಿನ ದ್ರಾವಣದಲ್ಲಿ ಅದನ್ನು ಕಟ್ಟಿಕೊಳ್ಳುವುದೇ ಇಲ್ಲ.

ಇನ್ನು ಸಾಂದೂವಿಲ್‌ನಂಥ ದ್ರಾವಣಕ್ಕೆ ಬರೋಣ. ಲೀಟರಿಗೆ 200 ಗ್ರಾಂ ನಿಕಲ್ ಇರುವ ಕ್ಲೋರೈಡ್ ದ್ರಾವಣವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದರಲ್ಲಿ ನಿಕಲ್ ಸುಮಾರು 3.4 ಮೋಲಾರ್, ಕ್ಲೋರೈಡ್ ಸುಮಾರು 6.8 ಮೋಲಾರ್ ಆಗುತ್ತದೆ. ಕೋಬಾಲ್ಟಿನ 4, ಕಬ್ಬಿಣದ 0.5 ಎಂಬ ಮಟ್ಟಗಳೆರಡನ್ನೂ ಇದು ಮೀರಿದೆ. ಅಂದರೆ ಹೊರಗಿನಿಂದ ಸಾಂದ್ರ ಆಮ್ಲವನ್ನು ಸುರಿಯಬೇಕಾದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಶುದ್ಧಿಯಾಗಬೇಕಾದ ನಿಕಲ್ ತಾನೇ ತಂದ ಕ್ಲೋರೈಡ್, ಕಲ್ಮಶಗಳನ್ನು ಹೊರದಬ್ಬುವ ಶಕ್ತಿಯನ್ನು ಒದಗಿಸುತ್ತದೆ. ಇದೇ ಕಾರಣಕ್ಕೆ ದ್ರಾವಣವನ್ನು ತೆಳ್ಳಗೆ ಇಟ್ಟು ನಡೆಸುವ ಕ್ಲೋರೈಡ್ ಘಟಕವು ತನ್ನ ಅತ್ಯುತ್ತಮ ಸಾಧನವನ್ನು ತಾನೇ ಕೈಬಿಟ್ಟಂತೆ.

ಮೊದಲು ಕಬ್ಬಿಣ

ಫೆರಿಕ್ ಕಬ್ಬಿಣವು ಕ್ಲೋರೈಡ್ ದ್ರಾವಣದಿಂದ ಸಾವಯವ ದ್ರವಕ್ಕೆ ದಾಟುತ್ತದೆ ಎಂಬ ತಿಳಿವಳಿಕೆ ಬಹಳ ಹಳೆಯದು. ಉಕ್ಕಿನ ವಿಶ್ಲೇಷಣೆಯಲ್ಲಿ ಹೈಡ್ರೊಕ್ಲೋರಿಕ್ ಆಮ್ಲದ ದ್ರಾವಣವನ್ನು ಈಥರಿನೊಡನೆ ಕುಲುಕಿ ಕಬ್ಬಿಣವನ್ನು ತೆಗೆದುಹಾಕುವ ವಿಧಾನವನ್ನು ರೋಥೆ 1892ರಲ್ಲೇ ಪ್ರಕಟಿಸಿದ್ದರು. ಬೆಂಕಿಗೆ ತಕ್ಷಣ ಹೊತ್ತಿಕೊಳ್ಳುವ ಈಥರನ್ನು ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಬಳಸುವಂತಿಲ್ಲ. ಸಾಂದೂವಿಲ್‌ನಲ್ಲಿ ಆ ಸ್ಥಾನಕ್ಕೆ ಬಂದದ್ದು ಟ್ರೈಬ್ಯುಟೈಲ್ ಫಾಸ್ಫೇಟ್, ಅಂದರೆ ಟಿಬಿಪಿ. ಯುರೇನಿಯಂ ಮತ್ತು ಪ್ಲುಟೋನಿಯಂ ಬೇರ್ಪಡಿಸುವ ಕೆಲಸದಿಂದ ಹೆಸರಾದ ಈ ದ್ರವವನ್ನು ನಮ್ಮ ದೇಶದಲ್ಲೂ 1964ರ ಟ್ರಾಂಬೆ ಘಟಕದಿಂದ ಮೊದಲ್ಗೊಂಡು ಅಣು ಇಂಧನದ ಮರುಸಂಸ್ಕರಣೆಯಲ್ಲಿ ಬಳಸುತ್ತಾ ಬಂದಿದ್ದಾರೆ. ಅಲ್ಲಿನ ಮಾಧ್ಯಮ ನೈಟ್ರೇಟ್, ಇಲ್ಲಿನದು ಕ್ಲೋರೈಡ್.

ಟಿಬಿಪಿಯ ಅಣುವಿನಲ್ಲಿರುವ ಫಾಸ್ಫರಸ್‌ಗೆ ಅಂಟಿದ ಆಮ್ಲಜನಕವು ತಟಸ್ಥ ಫೆರಿಕ್ ಕ್ಲೋರೈಡನ್ನೂ, ಒಂದು ಪ್ರೋಟಾನು ಜೊತೆಗೂಡಿದ ಅದರ ಆಮ್ಲರೂಪವನ್ನೂ ಹಿಡಿದುಕೊಳ್ಳುತ್ತದೆ. ಫೆರಸ್ ಕಬ್ಬಿಣವನ್ನು ಅದು ಬಹುತೇಕ ಮುಟ್ಟುವುದಿಲ್ಲ. ಆದ್ದರಿಂದ ಈ ಹಂತದ ಯಶಸ್ಸು ತೀರ್ಮಾನವಾಗುವುದು ಅದರ ಹಿಂದಿನ ತೊಟ್ಟಿಯಲ್ಲಿ. ಮ್ಯಾಟ್ ಕರಗುವಾಗ ಫೆರಿಕ್ ಕಬ್ಬಿಣ ಫೆರಸ್ ಆಗುವುದೇ ಸಹಜ. ನಿಷ್ಕರ್ಷಣೆಗೆ ಹೋಗುವ ಮೊದಲು ಕ್ಲೋರಿನ್‌ನಿಂದ ಅದನ್ನು ಪೂರ್ತಿಯಾಗಿ ಫೆರಿಕ್ ಮಾಡಿರಬೇಕು. ಉತ್ಕರ್ಷಣೆ ಅರ್ಧಕ್ಕೆ ನಿಂತರೆ ಉಳಿದ ಫೆರಸ್ ಎಷ್ಟು ಹಂತಗಳಿದ್ದರೂ ನಿಕಲ್‌ನೊಡನೆ ಮುಂದೆ ಸಾಗುತ್ತದೆ, ದ್ರಾವಕವನ್ನು ದೂರಿ ಫಲವಿಲ್ಲ. ಕ್ಲೋರಿನ್ ಹೆಚ್ಚಾಗಿ ದ್ರಾವಣದಲ್ಲಿ ಕರಗಿ ಉಳಿದರೆ ಅದು ಸಾವಯವ ದ್ರವದ ಮೇಲೇ ದಾಳಿ ಮಾಡುತ್ತದೆ. ಈ ಎರಡು ಅಂಚುಗಳ ನಡುವಿನ ಕಿರುದಾರಿಯನ್ನು ಕಾಯುವುದು, ದ್ರಾವಣದ ಉತ್ಕರ್ಷಣ ಶಕ್ತಿಯನ್ನು ತೋರುವ ರೆಡಾಕ್ಸ್ ವಿಭವದ ಅಳತೆ. ಇಡೀ ಸಾಲಿನಲ್ಲಿ ಒಂದೇ ಒಂದು ಉಪಕರಣವನ್ನು ನಂಬಬೇಕೆಂದರೆ ನಾನು ಆರಿಸುವುದು ಅದನ್ನೇ.

ಬೆರೆಸುವ ಪೆಟ್ಟಿಗೆಯಲ್ಲಿ ಎರಡು ದ್ರವಗಳನ್ನೂ ಕಲಕಿ, ಪಕ್ಕದ ವಿಶಾಲ ತೊಟ್ಟಿಯಲ್ಲಿ ಪದರ ಬೇರ್ಪಡಲು ಬಿಡುವ ಮಿಕ್ಸರ್-ಸೆಟ್ಲರ್‌ಗಳನ್ನು ಇಂಥ ಕೆಲಸಕ್ಕೆ ಸಾಲಾಗಿ ಜೋಡಿಸುತ್ತಾರೆ. ನೀರಿನ ಪದರ ಒಂದು ದಿಕ್ಕಿನಿಂದ, ಸಾವಯವ ಪದರ ಎದುರು ದಿಕ್ಕಿನಿಂದ ಹರಿಯುತ್ತದೆ. ಇದರ ಲಾಭವನ್ನು ಸಣ್ಣ ಲೆಕ್ಕವೊಂದು ತೋರಿಸುತ್ತದೆ. ಸಮತೋಲನದಲ್ಲಿ ಸಾವಯವ ಪದರದ ಕಬ್ಬಿಣವು ನೀರಿನದಕ್ಕಿಂತ ಹತ್ತು ಪಟ್ಟು ಇರುತ್ತದೆಂದೂ ಎರಡು ದ್ರವಗಳ ಪ್ರಮಾಣ ಸಮವೆಂದೂ ಇಟ್ಟುಕೊಳ್ಳೋಣ. ಒಂದೇ ಹಂತದಲ್ಲಿ ಶೇಕಡಾ 9ರಷ್ಟು ಕಬ್ಬಿಣ ನೀರಿನಲ್ಲೇ ಉಳಿಯುತ್ತದೆ. ಅಷ್ಟೇ ದ್ರಾವಕವನ್ನು ಎರಡು ಪಾಲು ಮಾಡಿ ಒಂದಾದ ಮೇಲೊಂದರಂತೆ ಹೊಸದಾಗಿ ಬಳಸಿದರೆ ಉಳಿಕೆ ಸುಮಾರು ಶೇಕಡಾ 2.8ಕ್ಕೆ ಇಳಿಯುತ್ತದೆ. ಎದುರುಬದುರಾಗಿ ಹರಿಸಿದ ಎರಡು ಹಂತಗಳಲ್ಲಿ ಅದು 0.9, ಮೂರು ಹಂತಗಳಲ್ಲಿ 0.09. ದ್ರಾವಕ ಒಂದು ಲೀಟರೂ ಹೆಚ್ಚಾಗಿಲ್ಲ ಎಂಬುದನ್ನು ಗಮನಿಸಬೇಕು.

ಹಿಡಿದದ್ದನ್ನು ಬಿಡಿಸುವುದು ಹಿಡಿಯುವುದಕ್ಕಿಂತ ಸೂಕ್ಷ್ಮವಾದ ಕೆಲಸ. ತತ್ವ ಸರಳ: ಕ್ಲೋರೈಡ್ ಇರುವುದರಿಂದ ಕಬ್ಬಿಣ ದಾಟಿತು, ಕ್ಲೋರೈಡ್ ಇಲ್ಲದ ನೀರನ್ನು ಕೊಟ್ಟರೆ ಮರಳುತ್ತದೆ. ಬೇರೆ ರಾಸಾಯನಿಕವೇ ಬೇಡ. ಆದರೆ ಮರಳಿದ ಕಬ್ಬಿಣ ತನ್ನ ಕ್ಲೋರೈಡನ್ನೂ ಒಯ್ಯುತ್ತದೆ. ಬಿಡಿಸುವ ನೀರಿನಲ್ಲಿ ಕಬ್ಬಿಣ ಲೀಟರಿಗೆ 100 ಗ್ರಾಂ ಮುಟ್ಟುವ ಹೊತ್ತಿಗೆ ಕ್ಲೋರೈಡ್ ಸುಮಾರು 5.4 ಮೋಲಾರ್ ಆಗಿರುತ್ತದೆ. ಎಂದರೆ ಯಾವ ಸ್ಥಿತಿಯಲ್ಲಿ ಕಬ್ಬಿಣ ದ್ರಾವಕಕ್ಕೆ ಹೋಗಿತ್ತೋ ಅದೇ ಸ್ಥಿತಿ ಮತ್ತೆ ನಿರ್ಮಾಣವಾಗುತ್ತದೆ. ನೀರನ್ನು ಧಾರಾಳವಾಗಿ ಕೊಟ್ಟರೆ ದ್ರಾವಕ ಚೊಕ್ಕಟವಾಗುತ್ತದೆ, ಸಿಗುವ ಫೆರಿಕ್ ಕ್ಲೋರೈಡ್ ತೆಳ್ಳಗಾಗುತ್ತದೆ. ಮಾರುಕಟ್ಟೆಯಲ್ಲಿ ಈ ಸರಕು ಸಾಮಾನ್ಯವಾಗಿ ಶೇಕಡಾ 40ರಷ್ಟು ಸಾಂದ್ರತೆಯಲ್ಲಿ ಮಾರಾಟವಾಗುವುದರಿಂದ, ಬಿಡಿಸುವಾಗ ಸೇರಿಸಿದ ಪ್ರತಿ ಲೀಟರ್ ನೀರನ್ನೂ ಮುಂದೆ ಉಗಿ ಖರ್ಚು ಮಾಡಿ ಆವಿಯಾಗಿಸಬೇಕು. ನೀರು ಕಡಿಮೆಯಾದರೆ ಕಬ್ಬಿಣದ ಒಂದಿಷ್ಟು ಪಾಲು ದ್ರಾವಕದಲ್ಲೇ ಉಳಿದು ಸುತ್ತು ಹಾಕುತ್ತದೆ. ಮರಳಿ ಬಂದ ದ್ರಾವಕವೇ ಕಲ್ಮಶ ಹೊತ್ತು ತಂದರೆ ಕೊನೆಯ ಹಂತದ ನಿಕಲ್ ದ್ರಾವಣ ಅದಕ್ಕಿಂತ ಶುದ್ಧವಾಗಲಾರದು.

ಇಲ್ಲಿ ಟಿಬಿಪಿಯ ದೌರ್ಬಲ್ಯವೇ ಅದರ ಯೋಗ್ಯತೆ. ಅಮೀನ್ ವರ್ಗದ (ಸಾರಜನಕವುಳ್ಳ ಸಾವಯವ) ದ್ರಾವಕಗಳು ಫೆರಿಕ್ ಕಬ್ಬಿಣವನ್ನು ಅದಕ್ಕಿಂತ ಬಿಗಿಯಾಗಿ ಹಿಡಿಯುತ್ತವೆ, ಆದರೆ ಬರಿಯ ನೀರಿಗೆ ಬಿಟ್ಟುಕೊಡಲು ಸತಾಯಿಸುತ್ತವೆ. ಸಾಕಷ್ಟು ಹಿಡಿದು ಸಲೀಸಾಗಿ ಬಿಡುವ ಟಿಬಿಪಿ, ಕಬ್ಬಿಣದಂಥ ದೊಡ್ಡ ಪ್ರಮಾಣದ ಕಲ್ಮಶಕ್ಕೆ ತಕ್ಕದ್ದು.

ಇನ್ನೆರಡು ತೊಡಕುಗಳನ್ನು ಹೇಳಲೇಬೇಕು. ಬಿಡಿಸುವ ನೀರಿನಲ್ಲಿ ಆಮ್ಲ ತೀರಾ ಇಲ್ಲದಿದ್ದರೆ ಫೆರಿಕ್ ಕಬ್ಬಿಣ ಜಲವಿಭಜನೆಗೊಂಡು ಕೆಂಪು ಕೆಸರಾಗುತ್ತದೆ, ಆ ಕೆಸರು ಎರಡು ಪದರಗಳ ನಡುವೆ ಸೇರಿಕೊಂಡು ಅವು ಬೇರ್ಪಡದಂತೆ ಮಾಡುತ್ತದೆ. ಟಿಬಿಪಿ ಕಬ್ಬಿಣದ ಜೊತೆ ಒಂದಿಷ್ಟು ಹೈಡ್ರೊಕ್ಲೋರಿಕ್ ಆಮ್ಲವನ್ನೂ ಎಳೆದುಕೊಂಡಿರುವುದು ಈ ದೃಷ್ಟಿಯಿಂದ ಅನುಕೂಲವೇ ಆದರೂ, ಆಮ್ಲದ ಲೆಕ್ಕದಲ್ಲಿ ಅದು ನಷ್ಟದ ಬಾಬತ್ತು. ಎರಡನೆಯದು ಮೂರನೆಯ ಪದರದ ತೊಂದರೆ. ಸೀಮೆಎಣ್ಣೆಯ ಜಾತಿಯ ಸರಪಳಿ ಹೈಡ್ರೊಕಾರ್ಬನ್‌ಗಳಲ್ಲಿ ಕರಗಿಸಿದ ಟಿಬಿಪಿಗೆ ಕಬ್ಬಿಣ ಹೆಚ್ಚಾಗಿ ತುಂಬಿಕೊಂಡರೆ, ಸಾವಯವ ದ್ರವವೇ ಎರಡಾಗಿ ಒಡೆದು, ಲೋಹ ತುಂಬಿದ ಭಾರದ ಪದರವೊಂದು ನಡುವೆ ಕೂರುತ್ತದೆ. ಆರೊಮ್ಯಾಟಿಕ್ ದ್ರವಗಳನ್ನು ಬಳಸುವುದು, ಇಲ್ಲವೇ ಉದ್ದ ಸರಪಳಿಯ ಆಲ್ಕೋಹಾಲನ್ನು ಬೆರೆಸುವುದು ಇದಕ್ಕಿರುವ ಪರಿಹಾರ.

ನಂತರ ಕೋಬಾಲ್ಟ್

ಕಬ್ಬಿಣ ಹೋದ ಮೇಲೆ ಉಳಿಯುವುದು ಹಸಿರು ದ್ರಾವಣ. ಅದರೊಳಗೆ ಕೋಬಾಲ್ಟ್ ಇರುವುದು ಕಣ್ಣಿಗೆ ಕಾಣುವುದಿಲ್ಲ. ಇದನ್ನು ಟ್ರೈಐಸೊಆಕ್ಟೈಲ್ ಅಮೀನ್ ಇರುವ ಸಾವಯವ ದ್ರವದೊಡನೆ ಕಲಕಿದಾಗ ಆ ದ್ರವ ಗಾಢ ನೀಲಿಗೆ ತಿರುಗುತ್ತದೆ. ನಾಲ್ಕು ಕ್ಲೋರೈಡ್‌ಗಳ ನಡುವೆ ಕೂತ ಕೋಬಾಲ್ಟಿನ ಬಣ್ಣ ಅದು. ಅಮೀನ್ ಮೊದಲು ಹೈಡ್ರೊಕ್ಲೋರಿಕ್ ಆಮ್ಲದ ಒಂದು ಅಣುವನ್ನು ಹಿಡಿದು ಲವಣವಾಗಿರುತ್ತದೆ. ಆ ಲವಣದ ಎರಡು ಅಣುಗಳು ತಮ್ಮ ಎರಡು ಕ್ಲೋರೈಡ್‌ಗಳನ್ನು ನೀರಿಗೆ ಬಿಟ್ಟು ಒಂದು ಕೋಬಾಲ್ಟ್ ಸಂಕೀರ್ಣವನ್ನು ಸ್ವೀಕರಿಸುತ್ತವೆ. ಋಣ ಸಂಕೀರ್ಣವೇ ಆಗದ ನಿಕಲ್‌ಗೆ ಈ ವಿನಿಮಯದಲ್ಲಿ ಪ್ರವೇಶವಿಲ್ಲ. ಬಿಡಿಸಲು ಮತ್ತೆ ನೀರೇ, ಅಮೀನಿನ ಲವಣ ಕೆಡದಂತೆ ಸ್ವಲ್ಪ ಆಮ್ಲ ಬೆರೆಸಿದ್ದು. ಕ್ಲೋರೈಡ್ ತಗ್ಗಿದೊಡನೆ ನೀಲಿ ಕೋಬಾಲ್ಟ್ ಆರು ನೀರಿನ ಅಣುಗಳನ್ನು ತೊಟ್ಟು ಗುಲಾಬಿ ಬಣ್ಣದ ದ್ರಾವಣವಾಗಿ ಕೆಳಗಿಳಿಯುತ್ತದೆ.

ಕಬ್ಬಿಣವನ್ನೇ ಮೊದಲು ತೆಗೆದ ಕಾರಣ ಈಗ ಸ್ಪಷ್ಟವಾಗುತ್ತದೆ. ಕೋಬಾಲ್ಟಿಗಿಂತ ಬಹಳ ಕಡಿಮೆ ಕ್ಲೋರೈಡಿನಲ್ಲೇ ಅಮೀನನ್ನು ಸೇರುವ ಫೆರಿಕ್ ಕಬ್ಬಿಣ ಇಲ್ಲಿಗೆ ಬಂದಿದ್ದರೆ ಅಮೀನಿನ ಜಾಗವನ್ನೆಲ್ಲ ತಾನೇ ಆಕ್ರಮಿಸಿ, ಕೋಬಾಲ್ಟನ್ನು ಬಿಡಿಸುವ ನೀರಿಗೆ ಜಗ್ಗದೆ, ಸುತ್ತಿನಿಂದ ಸುತ್ತಿಗೆ ಜಮೆಯಾಗುತ್ತಿತ್ತು. ನಾರ್ವೆಯ ಕ್ರಿಸ್ಟಿಯನ್‌ಸಾಂಡಿನ ಸಂಸ್ಕರಣಾಗಾರದಲ್ಲಿ ಫಾಲ್ಕನ್‌ಬ್ರಿಜ್ ಕಂಪನಿ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಮ್ಯಾಟ್ ಕರಗಿಸುವ ವಿಧಾನವನ್ನು ರೂಪಿಸಿದಾಗಲೂ ಟಿಬಿಪಿಯಿಂದ ಕಬ್ಬಿಣ, ಅಮೀನಿನಿಂದ ಕೋಬಾಲ್ಟ್ ಎಂಬ ಕ್ರಮವೇ ಬಂದದ್ದು ಕಾಕತಾಳೀಯವಲ್ಲ. ಕ್ರಾಸ್ ಮತ್ತು ಮೂರ್ ಅವರ ಏಣಿಯಲ್ಲಿ ಹೆಚ್ಚು ಬಿಗಿಯಾಗಿ ಅಂಟುವುದನ್ನು ದುರ್ಬಲ ದ್ರಾವಕಕ್ಕೂ, ಸಡಿಲವಾಗಿ ಅಂಟುವುದನ್ನು ಪ್ರಬಲ ದ್ರಾವಕಕ್ಕೂ ಒಪ್ಪಿಸಿದ್ದಾರೆ.

ಕೋಬಾಲ್ಟ್ ದ್ರಾವಣಕ್ಕೆ ನಿಕಲ್ ಸೇರುವುದು ಹೆಚ್ಚಾಗಿ ರಸಾಯನಶಾಸ್ತ್ರದ ದಾರಿಯಿಂದಲ್ಲ, ಸಾವಯವ ಪದರದಲ್ಲಿ ತೇಲುತ್ತಾ ಉಳಿದ ನೀರಿನ ಹನಿಗಳ ಮೂಲಕ. ನೀಲಿ ದ್ರವವನ್ನು ಬಿಡಿಸುವ ಮೊದಲು ಸಾಂದ್ರ ಕೋಬಾಲ್ಟ್ ಕ್ಲೋರೈಡಿನಿಂದ ಒಮ್ಮೆ ತೊಳೆದರೆ ಆ ಹನಿಗಳ ಜಾಗದಲ್ಲಿ ಕೋಬಾಲ್ಟಿನ ಹನಿಗಳೇ ಇರುತ್ತವೆ.

ಉಳಿದ ಸಣ್ಣ ಕಲ್ಮಶಗಳಿಗೆ ಬೇರೆ ದಾರಿಗಳಿವೆ. ಸೀಸವನ್ನು ಸಾಂದೂವಿಲ್‌ನಲ್ಲಿ ವಿದ್ಯುದ್ವಿಭಜನೆಯಿಂದ ತೆಗೆಯುತ್ತಿದ್ದರು. ನಿಷ್ಕರ್ಷಣೆಯೇ ಹೊಸದಾಗಿ ಸೇರಿಸುವ ಕಲ್ಮಶವೊಂದಿದೆ: ದ್ರಾವಕ. ಟಿಬಿಪಿ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 0.4 ಗ್ರಾಂ ಕರಗುತ್ತದೆ. ಸಾಂದ್ರ ಲವಣದ ದ್ರಾವಣದಲ್ಲಿ ಅದಕ್ಕಿಂತ ಕಡಿಮೆ. ಆದರೂ ವಿದ್ಯುತ್ ಕೋಶಕ್ಕೆ ಹೋದ ಅಲ್ಪಸ್ವಲ್ಪ ಸಾವಯವ ವಸ್ತು ನಿಕಲ್ ತಗಡಿನಲ್ಲಿ ಗುಳಿ ಬೀಳಿಸಬಲ್ಲದು. ಅದಕ್ಕಾಗಿ ದ್ರಾವಣವನ್ನು ಕ್ರಿಯಾಶೀಲ ಇದ್ದಿಲಿನ ಮೂಲಕ ಹಾಯಿಸುತ್ತಾರೆ.

ಇದೇ ಲೆಕ್ಕ, ಬೇರೆ ಲೋಹ

ಕಬ್ಬಿಣದ ಸಾಮಾನಿಗೆ ಸತುವಿನ ಲೇಪ ಕೊಡುವ ಗ್ಯಾಲ್ವನೈಸಿಂಗ್ ಕಾರ್ಖಾನೆಗಳಲ್ಲಿ ತುಕ್ಕು ತೆಗೆಯಲು ಬಳಸಿ ಮುಗಿದ ಹೈಡ್ರೊಕ್ಲೋರಿಕ್ ಆಮ್ಲ ದೊಡ್ಡ ತಲೆನೋವು. ಅದರಲ್ಲಿ ಫೆರಸ್ ಕ್ಲೋರೈಡ್ ಹೇರಳ. ಹಳೆಯ ಲೇಪವನ್ನು ಕಿತ್ತಾಗ ಸತು ಕ್ಲೋರೈಡೂ ಸೇರುತ್ತದೆ. ಆಮ್ಲವನ್ನು ಮರಳಿ ಪಡೆಯುವ ಹುರಿಕುಲುಮೆಗೆ ಸತು ಹೋಗುವಂತಿಲ್ಲ, ಏಕೆಂದರೆ ಅದರ ಕ್ಲೋರೈಡ್ ಕಬ್ಬಿಣದ್ದರಂತೆ ಸಲೀಸಾಗಿ ಆಕ್ಸೈಡ್ ಆಗದೆ ಆವಿಯಾಗಿ ಏಳುತ್ತದೆ. ಇಲ್ಲಿ ಟಿಬಿಪಿಯಿಂದ ಸತುವನ್ನು ತೆಗೆಯುವ ವಿಧಾನದಲ್ಲಿ ರೆಡಾಕ್ಸ್ ಜಾಗ್ರತೆ ತಲೆಕೆಳಗಾಗುತ್ತದೆ: ಕಬ್ಬಿಣ ದಾಟಬಾರದ ಕಾರಣ ಅದನ್ನು ಫೆರಸ್ ಆಗಿಯೇ ಇಡಬೇಕು, ಗಾಳಿಗೆ ತೆರೆದು ಫೆರಿಕ್ ಆದದ್ದನ್ನು ಕಬ್ಬಿಣದ ಚೂರು ಹಾಕಿ ಹಿಂದಕ್ಕೆ ತರಬೇಕು. ದ್ರಾವಕ ಅದೇ, ನೀರಿನ ಸ್ಥಿತಿ ಬದಲಾದ್ದರಿಂದ ಹೊರಬಂದ ಲೋಹ ಬೇರೆ.

ಕಚ್ಚಾವಸ್ತು ಬದಲಾದಾಗ

ನ್ಯೂ ಕ್ಯಾಲೆಡೋನಿಯಾದ ಮ್ಯಾಟ್ ಲ್ಯಾಟರೈಟ್ ಅದಿರಿನದು. ಅದರಲ್ಲಿ ತಾಮ್ರ ಅತ್ಯಲ್ಪ. 2017ರಿಂದ ಸಾಂದೂವಿಲ್‌ಗೆ ಫಿನ್‌ಲೆಂಡಿನ ಹಾರ್ಯವಾಲ್ತಾ ಕುಲುಮೆಯ ಮ್ಯಾಟ್ ಬರತೊಡಗಿತು, 2022ರಲ್ಲಿ ಎರಾಮೆ ಕಂಪನಿಯಿಂದ ಸಂಸ್ಕರಣಾಗಾರವು ಸಿಬಾನ್ಯೆ-ಸ್ಟಿಲ್‌ವಾಟರ್ ಕೈಸೇರಿತು. ಮಾಲೀಕತ್ವದ ಬದಲಾವಣೆಗಿಂತ ಮ್ಯಾಟ್‌ನ ಬದಲಾವಣೆ ರಸಾಯನಜ್ಞರಿಗೆ ಹೆಚ್ಚಿನ ಸಂಗತಿ. ಸಲ್ಫೈಡ್ ಅದಿರಿನಿಂದ ಬರುವ ಮ್ಯಾಟ್‌ನಲ್ಲಿ ತಾಮ್ರ ಸಹಜವಾಗಿ ಇರುತ್ತದೆ. ಏಣಿಯಲ್ಲಿ ತಾಮ್ರದ ಮೆಟ್ಟಿಲು ಕೋಬಾಲ್ಟಿನ 4ಕ್ಕೂ ಕಬ್ಬಿಣದ 0.5ಕ್ಕೂ ನಡುವೆ, 2.5ರಲ್ಲಿ. ಮೊದಲೇ ತೆಗೆಯದಿದ್ದರೆ ಅದು ಅಮೀನಿನಲ್ಲಿ ಕೋಬಾಲ್ಟಿನ ಸಂಗಡ ಏರುತ್ತದೆ, ಧಾರಾಳ ನೀರು ಕೊಟ್ಟಾಗ ಅದರ ಸಂಗಡವೇ ಇಳಿದು ಗುಲಾಬಿ ದ್ರಾವಣವನ್ನು ಕೆಡಿಸುತ್ತದೆ. ಬಿಡಿಸುವ ಕೆಲಸವನ್ನು ಎರಡಾಗಿ ಒಡೆದು, ಮೊದಲ ನೀರಿನಲ್ಲಿ ಕ್ಲೋರೈಡನ್ನು ಕೋಬಾಲ್ಟ್ ಮಾತ್ರ ಇಳಿಯುವಷ್ಟು ಎತ್ತರದಲ್ಲಿ ಹಿಡಿದು, ತಾಮ್ರವನ್ನು ಎರಡನೆಯ ತೆಳು ನೀರಿಗೆ ಉಳಿಸುವುದು ತತ್ವದ ಮಟ್ಟಿಗೆ ಸಾಧ್ಯ. ಆದರೆ ಇಳಿಯುವ ಕೋಬಾಲ್ಟ್ ತಾನೇ ಕ್ಲೋರೈಡನ್ನು ಏರಿಸುತ್ತಾ ಹೋಗುವುದರಿಂದ ಆ ಎತ್ತರವನ್ನು ಸ್ಥಿರವಾಗಿ ಹಿಡಿಯಲು ನೀರಿನ ಹರಿವನ್ನು ದ್ರಾವಕದಲ್ಲಿರುವ ಲೋಹದ ಪ್ರಮಾಣಕ್ಕೆ ಹೊಂದಿಸಿ ಗಂಟೆಗಂಟೆಗೂ ತಿದ್ದಬೇಕಾಗುತ್ತದೆ. ನಿಷ್ಕರ್ಷಣೆಗೆ ಮೊದಲೇ ಹೊಸ ಮ್ಯಾಟ್‌ನಿಂದ ತಾಮ್ರವನ್ನು ಸಲ್ಫೈಡಾಗಿ ಹಿಂದುಳಿಸುವುದೇ ಇದಕ್ಕಿಂತ ಅಗ್ಗ ಎಂದು ನನಗೆ ತೋರುತ್ತದೆ.